ಯಂತ್ರ ಬರೆದರೆ ಹೊಣೆ ಯಾರದು?

ಕಡೂರು, ತರೀಕೆರೆ, ಅಜ್ಜಂಪುರಗಳ ಕಚೇರಿ, ಬ್ಯಾಂಕು, ಶಾಲೆಗಳಲ್ಲಿ ದುಡಿಯುವವರ ನಡುವೆ ಈಚೆಗೆ ಹೊಸ ಚರ್ಚೆಯೊಂದು ನಡೆದಿದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಳಕೆಗೆ ಬಂದ ಮೇಲೆ, ಪತ್ರದ ಕರಡನ್ನೋ ವರದಿಯ ಸಾರಾಂಶವನ್ನೋ ಕ್ಷಣಮಾತ್ರದಲ್ಲಿ ಬರೆದುಕೊಡುವ ಕೃತಕ ಬುದ್ಧಿಮತ್ತೆ ನೌಕರರ ಮೊಬೈಲಿಗೇ ಬಂದು ಕುಳಿತಿದೆ. ಅವರು ಇದನ್ನು ಹೇಗೆ ಕಾಣುತ್ತಾರೆ? ನಮ್ಮೊಡನೆ ಮಾತನಾಡಿದವರಲ್ಲಿ ಕೆಲವರಿಗೆ ಇದು ವರ; ಕೆಲವರಿಗೆ ಅನ್ನ ಕಸಿಯುವ ವೈರಿ. ಇನ್ನು ಕೆಲವರು ಬಳಸುತ್ತಾರೆ, ಆದರೆ ಮೇಲಧಿಕಾರಿಗೆ ತಿಳಿಸುವುದಿಲ್ಲ. ಈ ಮೂರನೆಯವರ ಮೌನವೇ ನಮ್ಮನ್ನು ಹೆಚ್ಚು ಕಾಡಿದೆ.

ಭಯವೇನೋ ಹೊಸದಲ್ಲ. ಬ್ಯಾಂಕುಗಳಿಗೆ ಗಣಕಯಂತ್ರ ಬರುವಾಗ ನೌಕರ ಸಂಘಗಳು ಪ್ರತಿಭಟಿಸಿದ್ದವು. 1983ರಲ್ಲಿ ಆಡಳಿತದೊಡನೆ ಒಪ್ಪಂದವಾದ ಮೇಲೆಯೇ ಅದು ಮಿತವಾಗಿ ಒಳಬಂದಿತು. 2001ರ ಸುಮಾರಿಗೆ 'ಭೂಮಿ' ಯೋಜನೆ ಬಂದಾಗ, ಗ್ರಾಮ ಲೆಕ್ಕಿಗರು ಕೈಯಲ್ಲಿ ಬರೆಯುತ್ತಿದ್ದ ಪಹಣಿಗಳು ತಾಲ್ಲೂಕು ಕಚೇರಿಯ ಗಣಕಯಂತ್ರವನ್ನು ಸೇರಿದವು. ಹುದ್ದೆ ಅಳಿಯಲಿಲ್ಲ, ಆದರೆ ಬರೆಯುವ ಅಧಿಕಾರ ಕೈತಪ್ಪಿತು. ಅಲ್ಲಿ ಒಂದು ವಿವೇಕವಿತ್ತು: ಖಾತೆ ಬದಲಾಯಿಸುವ ನೌಕರನು ತನ್ನ ಬೆರಳ ಗುರುತನ್ನು ಒತ್ತಲೇಬೇಕಿತ್ತು. ಯಂತ್ರ ಬರೆಯಿತು, ಹೊಣೆ ಮನುಷ್ಯನಲ್ಲಿಯೇ ಉಳಿಯಿತು.

ಇಂದಿನ ಯಂತ್ರ ಬೇರೆ ಬಗೆಯದು. ಅಂದಿನದು ಕೊಟ್ಟದ್ದನ್ನು ಕಾಯ್ದಿರಿಸುತ್ತಿತ್ತು. ಇದು ಕೊಡದುದನ್ನೂ ಹೆಣೆಯುತ್ತದೆ, ಸುಳ್ಳನ್ನೂ ನಿಶ್ಚಿತ ಸ್ವರದಲ್ಲಿ ಹೇಳುತ್ತದೆ. 2024ರ ಡಿಸೆಂಬರಿನಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ ನೀಡಿದ ಆದೇಶವೊಂದರಲ್ಲಿ, ಎಂದೂ ಹೊರಬೀಳದ ತೀರ್ಪುಗಳ ಉಲ್ಲೇಖವಿದ್ದುದು ಬೆಳಕಿಗೆ ಬಂದು ಆದೇಶವನ್ನೇ ಹಿಂತೆಗೆದುಕೊಳ್ಳಬೇಕಾಯಿತು. ಇದು ಕೃತಕ ಬುದ್ಧಿಮತ್ತೆಯ ಫಲವೇ ಇರಬೇಕೆಂಬ ಶಂಕೆ ವ್ಯಾಪಕವಾಗಿತ್ತು. ಮುಚ್ಚಿಟ್ಟು ಬಳಸುವ ಗುಮಾಸ್ತನ ಗತಿಯೂ ಇದೇ ಆದೀತು: ಕೆಲಸ ಯಂತ್ರದ್ದು, ತಪ್ಪು ಮಾತ್ರ ಅವನದು.

ಲಾಳಿ ತಾನಾಗಿಯೇ ನೇಯುವಂತಿದ್ದರೆ ಒಡೆಯನಿಗೆ ಆಳುಗಳೇ ಬೇಕಿರಲಿಲ್ಲವೆಂದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಊಹಿಸಿದ್ದನು. ಲಾಳಿ ಇಂದು ತಾನಾಗಿ ನೇಯುತ್ತಿದೆ; ಆದರೆ ಉಳಿದ ಹೊತ್ತು ಯಾರ ಪಾಲಿಗೆ? ಒಂದು ದಿನದ ಕೆಲಸ ಒಂದು ಗಂಟೆಯಲ್ಲಿ ಮುಗಿಯಿತೆಂದು ತಿಳಿದೊಡನೆ ಇನ್ನಷ್ಟು ಕಡತಗಳನ್ನು ಹೇರುವುದಾದರೆ, ನೌಕರನು ಮೌನ ತಾಳುವುದು ಸಹಜವೇ. ಅವನ ಅಂಜಿಕೆ ಯಂತ್ರಕ್ಕಿಂತ ಅದನ್ನು ಹಿಡಿದ ಕೈಯನ್ನು ಕುರಿತದ್ದು.

ಪೋಪ್ 13ನೇ ಲಿಯೋರವರು 1891ರ ವಿಶ್ವಪರಿಪತ್ರದಲ್ಲಿ ಕಾರ್ಖಾನೆಯ ಕಾರ್ಮಿಕರ ಹಕ್ಕನ್ನು ಎತ್ತಿ ಹಿಡಿದರು. 2025ರ ಮೇ ತಿಂಗಳಿನಲ್ಲಿ ಆಯ್ಕೆಯಾದ 14ನೇ ಲಿಯೋರವರು ಆ ಹೆಸರನ್ನು ಆರಿಸಿಕೊಂಡುದಕ್ಕೆ, ಕೃತಕ ಬುದ್ಧಿಮತ್ತೆ ದುಡಿಮೆಯ ಘನತೆಗೆ ಒಡ್ಡಿರುವ ಸವಾಲನ್ನೂ ಕಾರಣವಾಗಿ ಹೇಳಿದರು.

ಆದುದರಿಂದ ಆಡಳಿತ ನಡೆಸುವವರಲ್ಲಿ ನಮ್ಮ ವಿನಂತಿ ಇಷ್ಟೇ. ಯಾವ ಕೆಲಸಕ್ಕೆ ಈ ನೆರವು ಸಲ್ಲುವುದು, ಯಾವುದಕ್ಕೆ ಸಲ್ಲದು ಎಂಬುದನ್ನು ನೌಕರರೊಡನೆ ಕುಳಿತು ತೀರ್ಮಾನಿಸಿರಿ. ಪರಿಶೀಲಿಸಿ ಸಹಿ ಹಾಕುವುದಕ್ಕೆ ಅವರಿಗೆ ಸಮಯ ಕೊಡಿರಿ. 'ಇದನ್ನು ಯಂತ್ರದಿಂದ ಬರೆಸಿದೆ' ಎಂದು ನಿರ್ಭಯವಾಗಿ ಹೇಳಬಲ್ಲ ಕಚೇರಿಯಲ್ಲಿ ಮಾತ್ರ 'ಇದು ಸರಿಯಿಲ್ಲ' ಎಂದು ಹೇಳುವ ಧೈರ್ಯವೂ ಹುಟ್ಟುತ್ತದೆ.