ದಹನ ಕೊಠಡಿಯ ಒತ್ತಡ ಮತ್ತು ನಮ್ಮ ಕಬ್ಬಿಣ

2025ರ ಮಾರ್ಚ್ 28ರಂದು ತಮಿಳುನಾಡಿನ ಮಹೇಂದ್ರಗಿರಿಯಲ್ಲಿ ಇಸ್ರೊ ತನ್ನ ಸೆಮಿ ಕ್ರಯೋಜೆನಿಕ್ ಎಂಜಿನ್ನನ್ನು ಎರಡೂವರೆ ಸೆಕೆಂಡು ಉರಿಸಿ ನೋಡಿತು. ಪರೀಕ್ಷೆ ಯಶಸ್ವಿಯಾಯಿತು. ಆದರೆ ಪರೀಕ್ಷೆಗೆ ಒಳಪಟ್ಟದ್ದು ಮುಖ್ಯ ದಹನ ಕೊಠಡಿಯನ್ನು ಬಿಟ್ಟು ಉಳಿದ ಭಾಗಗಳು ಮಾತ್ರ. ಈ ಯೋಜನೆಗೆ ಕೇಂದ್ರ ಸಚಿವ ಸಂಪುಟ ₹1,798 ಕೋಟಿ ಮಂಜೂರು ಮಾಡಿದ್ದು 2008ರ ಡಿಸೆಂಬರಿನಲ್ಲಿ. ಹದಿನಾರು ವರ್ಷಗಳ ಈ ಅಂತರವನ್ನು ಸರ್ಕಾರಿ ವಿಳಂಬವೆಂದು ಕರೆದು ಸುಮ್ಮನಾಗುವುದು ಸುಲಭ. ನಿಜವಾದ ಕಾರಣ ಇನ್ನೂ ಆಳದಲ್ಲಿದೆ.

ಅಡುಗೆಮನೆಯ ಕುಕ್ಕರಿನೊಳಗಿನ ಒತ್ತಡ ವಾಯುಭಾರದ ಸುಮಾರು ಎರಡರಷ್ಟು. 2023ರಲ್ಲಿ ಚಂದ್ರಯಾನ-3ನ್ನು ಹೊತ್ತ ರಾಕೆಟ್ಟಿನ ಕ್ರಯೋಜೆನಿಕ್ ಎಂಜಿನ್ನಿನ ದಹನ ಕೊಠಡಿಯಲ್ಲಿ ಅದು ಸುಮಾರು 60ರಷ್ಟು. ಹೊಸ ಎಂಜಿನ್ನಿನ ಗುರಿ 180. ಒತ್ತಡ ಹೆಚ್ಚಿದಷ್ಟೂ ಅದೇ ಗಾತ್ರದ ಎಂಜಿನ್ ಹೆಚ್ಚು ನೂಕುಬಲ ಕೊಡುತ್ತದೆ. ಆದರೆ ಅಂಥ ಕೊಠಡಿಯೊಳಕ್ಕೆ ಇಂಧನ ನುಗ್ಗಬೇಕಾದರೆ ಪಂಪು ಅದಕ್ಕೂ ಹೆಚ್ಚಿನ ಒತ್ತಡದಲ್ಲಿ ಅದನ್ನು ತಳ್ಳಬೇಕು. ಆ ಪಂಪನ್ನು ತಿರುಗಿಸುವ ಬಿಸಿ ಅನಿಲದಲ್ಲಿ ಆಮ್ಲಜನಕದ ಪ್ರಮಾಣ ಎಷ್ಟಿರುತ್ತದೆಂದರೆ, ಸಾಮಾನ್ಯ ಉಕ್ಕು ಅದರಲ್ಲಿ ತಾನೇ ಹೊತ್ತಿ ಉರಿದೀತು. ಆದ್ದರಿಂದ ಒತ್ತಡದ ಮಿತಿಯನ್ನು ಕಟ್ಟಕಡೆಗೆ ನಿರ್ಧರಿಸುವುದು ಲೋಹ.

ಈ ಸತ್ಯ ಕನ್ನಡ ನಾಡಿಗೆ ಹೊಸದಲ್ಲ. ಹೈದರ್ ಮತ್ತು ಟಿಪ್ಪು ಕಾಲದ ರಾಕೆಟ್ಟುಗಳ ಹಿರಿಮೆ ಅವುಗಳ ಕಬ್ಬಿಣದ ಕೊಳವೆಯಲ್ಲಿತ್ತು. ಕಾಗದದ ಕೊಳವೆ ತಾಳಲಾರದ ಒತ್ತಡವನ್ನು ಕಬ್ಬಿಣ ತಾಳಿದ್ದರಿಂದಲೇ ಅವು ದೂರಕ್ಕೆ ಹಾರಿದವು. ವಿಜ್ಞಾನಿ ರೊದ್ದಂ ನರಸಿಂಹ ಇದನ್ನು ವಿವರವಾಗಿ ಅಧ್ಯಯನ ಮಾಡಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ರಾಕೆಟ್ಟುಗಳು ಇಂಗ್ಲೆಂಡಿನ ವುಲಿಚ್‌ಗೆ ಹೋದವು. ಅಲ್ಲಿ ಕಾಂಗ್ರೀವ್ ಪ್ರಯೋಗಗಳನ್ನು ನಡೆಸಿ ಅವನ್ನು ಸುಧಾರಿಸಿದ. ಇಲ್ಲಿಯ ಕುಶಲಕರ್ಮಿಗಳ ವಿದ್ಯೆ ರಾಜ್ಯದೊಂದಿಗೇ ಅಳಿಯಿತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ದೊರೆತಾಗ ನಾವು ಹೆಮ್ಮೆಪಟ್ಟೆವು. ವಿದ್ಯೆಯ ಕೊಂಡಿ ಕಳಚಿದ್ದೇಕೆ ಎಂದು ಕೇಳಲಿಲ್ಲ.

ಆ ಕೊಂಡಿ ಇಂದಿಗೂ ಕೂಡಿಲ್ಲ. ನಾನು ನೆಲೆಸಿರುವ ಇಟಗಿಯಿಂದ ಕೊಪ್ಪಳ ದಾಟಿದರೆ ಗಿಣಿಗೇರಿಯ ಸುತ್ತ ಕಬ್ಬಿಣದ ಕಾರ್ಖಾನೆಗಳ ಸಾಲೇ ಇದೆ. ಸಂಡೂರು, ಹೊಸಪೇಟೆಗಳ ಅದಿರು ಹತ್ತಿರ, ತುಂಗಭದ್ರೆಯ ನೀರು ಹತ್ತಿರ. ಇಲ್ಲಿಂದ ಹೊರಡುವುದು ಬಹುಪಾಲು ಬೀಡು ಕಬ್ಬಿಣ, ಸ್ಪಾಂಜ್ ಐರನ್ನಿನಂಥ ಆರಂಭಿಕ ಹಂತದ ಸರಕು. ಇಲ್ಲಿ ಉಳಿಯುವುದು ದೂಳು. ಇತ್ತ ಬೆಂಗಳೂರಿನಲ್ಲಿ ಕ್ರಯೋಜೆನಿಕ್ ಎಂಜಿನ್ ತಯಾರಿಸಲು ಎಚ್‌ಎಎಲ್‌ನ ಘಟಕ 2022ರಲ್ಲಿ ಉದ್ಘಾಟನೆಯಾಯಿತು. ಅದಿರು ನಮ್ಮಲ್ಲಿದೆ, ಎಂಜಿನ್ನೂ ನಮ್ಮಲ್ಲಿದೆ. ನಡುವಿನ ವಿಶೇಷ ಮಿಶ್ರಲೋಹದ ವಿದ್ಯೆ ಮಾತ್ರ ಬಹುಮಟ್ಟಿಗೆ ಹೊರಗಿದೆ. 1973ರಲ್ಲಿ ಅದಕ್ಕೆಂದೇ ಕಟ್ಟಿದ ಮಿಧಾನಿ ಇರುವುದು ಹೈದರಾಬಾದಿನಲ್ಲಿ. ಮಿಶ್ರ ಉಕ್ಕಿನ ಅನುಭವವಿದ್ದ ನಮ್ಮ ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರಲ್ಲಿ ಹೊರಬಿತ್ತು.

ಅರ್ಥಶಾಸ್ತ್ರದ ದೃಷ್ಟಿಯಲ್ಲಿ ಇದು ಮೌಲ್ಯವರ್ಧನೆಯ ಪ್ರಶ್ನೆ. ಬೀಡು ಕಬ್ಬಿಣಕ್ಕೆ ಟನ್ನಿನ ಲೆಕ್ಕದಲ್ಲಿ ಬೆಲೆ ಕಟ್ಟಿದರೆ, ಎಂಜಿನ್ನಿನ ಮಿಶ್ರಲೋಹಕ್ಕೆ ಕಿಲೋ ಲೆಕ್ಕದಲ್ಲಿ ಕಟ್ಟುತ್ತಾರೆ. ಭೂಮಿ, ನೀರು, ತೆರಿಗೆ ರಿಯಾಯಿತಿ ಕೊಡುವಾಗ ಸರ್ಕಾರ ಹೂಡಿಕೆಯ ಮೊತ್ತವನ್ನಷ್ಟೇ ನೋಡದೆ, ಲೋಹ ಸಂಶೋಧನೆಗೆ, ಸ್ಥಳೀಯ ಯುವಕರ ತರಬೇತಿಗೆ ಏನು ಮೀಸಲಿಡುವಿರಿ ಎಂದು ಕೇಳಬೇಕು. ಪರೀಕ್ಷೆಯಲ್ಲಿ ಸೀಳಿದ ಲೋಹದ ತುಂಡನ್ನು ಲೆಕ್ಕಪರಿಶೋಧನೆ ನಷ್ಟದ ಕಾಲಮ್ಮಿಗೆ ಸೇರಿಸುವ ಪದ್ಧತಿಯೂ ಬದಲಾಗಬೇಕು. ಎಲ್ಲಿ ಸೀಳುತ್ತದೆಂದು ತಿಳಿಯದೆ ಯಾರೂ ಒತ್ತಡ ಏರಿಸಲಾರರು. ಇಷ್ಟನ್ನೂ ಮಾಡದಿದ್ದರೆ ಕೊಪ್ಪಳದ ಪಾಲಿಗೆ ದೂಳೇ ಗತಿ.