ಮನೆಯ ಗಣಕಯಂತ್ರಕ್ಕೆ ಕಾವಲು

ಹಣ ತೆರದೆ ಗಣಕಯಂತ್ರಕ್ಕೆ ರಕ್ಷಣೆಯಿಲ್ಲವೆಂದು ಹಲವರು ನಂಬಿದ್ದಾರೆ. ಇದು ಸರಿಯಲ್ಲ. 2012ರಲ್ಲಿ ಬಂದ ವಿಂಡೋಸ್ 8 ಮೊದಲ್ಗೊಂಡು ಆ ವ್ಯವಸ್ಥೆಯೊಳಗೇ ‘ಡಿಫೆಂಡರ್’ ಎಂಬ ವೈರಸ್ ನಿರೋಧಕ ತಂತ್ರಾಂಶ ಅಡಕವಾಗಿದೆ. ‘ಕ್ಲಾಮ್‌ಎವಿ’ ಎಂಬ ಇನ್ನೊಂದನ್ನು ಯಾರು ಬೇಕಾದರೂ ಬೆಲೆಯಿಲ್ಲದೆ ಪಡೆಯಬಹುದು. ಅದರ ಒಳರಚನೆಯನ್ನೂ ಪರಿಶೀಲಿಸಬಹುದು. ಆದುದರಿಂದ ಕೊರತೆ ಹಣದ್ದಲ್ಲ, ಎಚ್ಚರದ್ದು.

ಇದಕ್ಕೆ 2017ರ ಘಟನೆಯೇ ಸಾಕ್ಷಿ. ಆ ವರ್ಷದ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ದುಷ್ಟ ತಂತ್ರಾಂಶವು ಸುಮಾರು 150 ದೇಶಗಳಿಗೆ ಹರಡಿ, ಕಡತಗಳಿಗೆ ಬೀಗ ಜಡಿದು ಒತ್ತೆಹಣ ಕೇಳಿತು. ಬ್ರಿಟನ್ನಿನ ಹಲವು ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಅದು ನುಸುಳಿದ ಬಿರುಕನ್ನು ಮುಚ್ಚುವ ಪರಿಷ್ಕರಣೆಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಬೆಂಬಲವಿದ್ದ ಆವೃತ್ತಿಗಳಿಗೆ ಮಾರ್ಚ್ ತಿಂಗಳಲ್ಲೇ ಉಚಿತವಾಗಿ ನೀಡಿತ್ತು. ಅದನ್ನು ಅಳವಡಿಸದೆ ಉಳಿದವರ ಪಾಡು, ಊರು ಸೂರೆಹೋದ ಮೇಲೆ ಕೋಟೆಬಾಗಿಲು ಹಾಕಿದಂತಾಯಿತು.

ಆದರೆ ಉಚಿತವಾದುದೆಲ್ಲ ಹಿತವಲ್ಲ. ‘ನಿಮ್ಮ ಯಂತ್ರಕ್ಕೆ ವೈರಸ್ ತಗುಲಿದೆ’ ಎಂದು ಹೆದರಿಸಿ ಒಳನುಗ್ಗುವ ನಕಲಿ ರಕ್ಷಕರೂ ಉಂಟು. ಅವರನ್ನು ನಂಬಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ತಂತ್ರಾಂಶವನ್ನು ತಯಾರಕರ ಸ್ವಂತ ತಾಣದಿಂದಲೇ ಪಡೆಯಬೇಕು, ಕಾಲಕಾಲಕ್ಕೆ ಪರಿಷ್ಕರಿಸಬೇಕು, ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ಇಡಬೇಕು. ಕಾವಲುಗಾರನನ್ನು ನೇಮಿಸಿದರೆ ಸಾಲದು. ಅವನು ನಿದ್ರಿಸದಂತೆ ನೋಡಿಕೊಳ್ಳುವುದು ಮನೆಯವರ ಹೊಣೆ.