ಒಂದೇ ಮನೆ, ಎರಡು ಶಾಲೆ

2018ರಲ್ಲಿ ಮಗಳಿಗೆ ಆರ್‌ಟಿಇ ಸೀಟು ಸಿಕ್ಕಿ ಖಾಸಗಿ ಶಾಲೆ ಸೇರಿದಳು. 2019ಕ್ಕೆ ನಿಯಮವೇ ಬದಲಾಯ್ತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟಿಲ್ಲ! ಫೀಸು ಕಟ್ಟೋ ಶಕ್ತಿ ನಮಗಿರಲಿಲ್ಲ. ಮಗ ಸರ್ಕಾರಿ ಶಾಲೆಗೆ ಹೋದ.

ಅವಳಿಗೆ ಟೈ, ಊಟದ ಡಬ್ಬಿ. ಅವನಿಗೆ ಅಲ್ಲೇ ಹಾಲು, ಬಿಸಿಯೂಟ. ಪೋಷಕರ ಸಭೆ ಒಂದೇ ದಿನ ಬಂದ್ರೆ ನಾನೊಂದು ಕಡೆ, ನನ್ನಾಕೆ ಇನ್ನೊಂದು ಕಡೆ ಓಟ. ಅದೆಲ್ಲ ಹೇಗೋ ನಡೀತಿತ್ತು ಬಿಡಿ..

ಒಂದಿನ ಮಗ ಕೇಳಿದ, "ಅಪ್ಪಾ, ಅಕ್ಕ ಜಾಣೆ ಅಂತ ಅಲ್ಲಿಗೆ ಕಳ್ಸಿದ್ದಾ?" ಲಾಟರಿ ಅಂದ್ರೆ ಅವನಿಗೇನು ಅರ್ಥ ಆಗುತ್ತೆ?

ಸರ್ಕಾರಿ ಶಾಲೆ ಕಡಿಮೆ ಅಂತಲ್ಲ. ಅವನ ಮೇಷ್ಟ್ರು ಕಲಿಸಿದ ಮಗ್ಗಿ ಕೇಳಿ ಕೇಳಿ ಅಕ್ಕನಿಗೂ ಬಾಯಿಗೆ ಬಂತು. ಆದ್ರೆ ನಿಯಮ ಬದಲಿಸುವಾಗ, ಅಕ್ಕನೋ ಅಣ್ಣನೋ ಆಗಲೇ ಓದುತ್ತಿದ್ದ ಶಾಲೆಯಲ್ಲಿ ಚಿಕ್ಕವರಿಗೂ ಜಾಗ ಉಳಿಸಬೇಕಿತ್ತು. ನೀವೇನಂತೀರಿ?